ಗುರುವಾರದ ಮುಚ್ಚಳಗಳು

ಅಂಗಡಿಯವನು ಕೌಂಟರಿನ ಮೇಲೆ ಅಷ್ಟು ಹತ್ತಿರಕ್ಕೆ ಬಾಗಿದ್ದು ಕಂಡು ಚಿಕ್ಕಿ ಎರಡು ಹೆಜ್ಜೆ ಹಿಂದೆ ಸರಿದಳು. ಕೈಯಲ್ಲಿ ಗಾಜಿನ ಜಾಡಿ ಇತ್ತು. ಇಲ್ಲದಿದ್ದರೆ ನಾಲ್ಕು ಹೆಜ್ಜೆ ಸರಿಯುತ್ತಿದ್ದಳು.

“ಸ್ವಲ್ಪ ದೂರ ನಿಂತು ಮಾತಾಡಿ,” ಎಂದಳು.

ಅವನು ಗದರಿಸಿಕೊಂಡವನಂತೆ ಹಿಂದಕ್ಕೆ ಹೋಗಿ, ಕುಕ್ಕರಿನ ಹಿಡಿಗಳನ್ನು ನೇತುಹಾಕಿದ್ದ ಗೋಡೆಗೆ ಬೆನ್ನು ತಾಗಿಸಿ ನಿಂತ. ಅಲ್ಲಿಂದ ಅವಳು ಹೇಳಿದ್ದಕ್ಕೆಲ್ಲ ಏನಂದ್ರಿ, ಏನಂದ್ರಿ ಎನ್ನತೊಡಗಿದ. ಜಾಡಿಗೆ ಮುಚ್ಚಳ ಬೇಕು ಎಂದಳು. ಏನಂದ್ರಿ. ಮುಚ್ಚಳ, ಒಂದೇ ಸಲಕ್ಕೆ ಎಸೆಯುವಂಥದ್ದಲ್ಲ, ಮತ್ತೆ ಮತ್ತೆ ಬಳಸುವಂಥದ್ದು. ಏನಂದ್ರಿ. ಮೂರನೆಯ ಸಲ ಅವಳ ದನಿ ಬೀದಿಗೂ ಕೇಳಿಸಿ, ಪಕ್ಕದ ಟೈಲರ್ ಹೊಲಿಗೆ ನಿಲ್ಲಿಸಿ ಇಣುಕಿದ.

“ನನಗೆ ಎಡಗಿವಿ ಕೇಳಿಸಲ್ಲ ಮೇಡಂ,” ಎಂದ ಅಂಗಡಿಯವನು ಕೊನೆಗೆ. “ಬಾಟಲಿಗೆ ಮುಚ್ಚಳ ಹಾಕೋ ಮಷಿನ್ ಪಕ್ಕ ಹನ್ನೊಂದು ವರ್ಷ ನಿಂತವನು. ಬಲಗಿವಿ ಹತ್ತಿರ ತಂದ್ರೆ ನೀವು ಓಡ್ತೀರಿ. ನಾನೇನು ಮಾಡ್ಲಿ?”

ಚಿಕ್ಕಿಗೆ ಮುಖ ಬಿಸಿಯಾಯಿತು. ನಗುವೂ ಬಂತು. ನಗು ಬಂದು ಎಷ್ಟು ದಿನವಾಗಿತ್ತೆಂದರೆ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಜಾಡಿಯನ್ನು ಕೌಂಟರಿನ ಮೇಲಿಟ್ಟು ಅದರ ಕಡೆಗೇ ನೋಡುತ್ತ ನಿಂತಳು.

ಮೆಟ್ಟಿಲ ಕೆಳಗಿನ ಒಂದೇ ಕೋಣೆಯ ಅಂಗಡಿ ಅದು. ಪಾತ್ರೆಗಳು ಅಲ್ಲಿ ಸಿಗುತ್ತಿರಲಿಲ್ಲ, ಪಾತ್ರೆಗಳಿಂದ ಕಳೆದುಹೋಗುವ ಭಾಗಗಳು ಸಿಗುತ್ತಿದ್ದವು: ಮುಚ್ಚಳ, ಹಿಡಿ, ಗುಬುಟು, ಗ್ಯಾಸ್ಕೆಟ್, ಫ್ಲಾಸ್ಕಿನ ಬಿರಡೆ. ಗಿರಾಕಿಗಳಿಗೂ ಅವನು ಅದೇ ಹೆಸರಿಟ್ಟಿದ್ದ. ಗ್ಯಾಸ್ಕೆಟ್ ತಾತ ಬಂದರು, ಬಿರಡೆ ಟೀಚರ್ ಹೋದರು. ಅಂದಿನಿಂದ ಚಿಕ್ಕಿ ಅವನಿಗೆ ಜಾಡಿ ಮೇಡಂ ಆದಳು. ಕೌಂಟರಿನ ಬಲತುದಿಯಲ್ಲಿ ಒಂದು ಸ್ಟೂಲ್ ಇತ್ತು. ಅದರ ಮೇಲೆ ಎದೆಯೆತ್ತರ ರಟ್ಟಿನ ಡಬ್ಬಗಳು. ಬಂದವರು ಕೂರಲಿ ಎಂಬ ಆಸೆ ಆ ಅಂಗಡಿಗೆ ಇದ್ದಂತಿರಲಿಲ್ಲ.

ಚಿಕ್ಕಿ ಇದ್ದದ್ದು ಅಕ್ಕನ ಮನೆಯಲ್ಲಿ. ಆರು ವರ್ಷದ ಹಿಂದೆ, ತನ್ನ ಮದುವೆ ಮುರಿದುಬಿದ್ದಾಗ, ಒಂದು ತಿಂಗಳ ಮಟ್ಟಿಗೆ ಅಂತ ಒಂದು ಪೆಟ್ಟಿಗೆ ಹಿಡಿದು ಬಂದವಳು. ಅಕ್ಕ ಬಾಗಿಲಲ್ಲೇ ತಬ್ಬಿಕೊಂಡು, ನಾನಿರುವಾಗ ನಿನಗೇನು ಕೊರತೆ ಎಂದಿದ್ದಳು. ಆ ಮಾತಿಗೆ ಅಕ್ಕ ಒಂದು ದಿನವೂ ತಪ್ಪಲಿಲ್ಲ. ಚಿಕ್ಕಿಗೊಂದು ಕೋಣೆ ಇತ್ತು, ಬೀರು ಇತ್ತು, ಜ್ವರ ಬಂದರೆ ಹಣೆಯ ಮೇಲೆ ಅಕ್ಕನ ಕೈ ಇತ್ತು. ಮಕ್ಕಳು ಚಿಕ್ಕಿ, ಚಿಕ್ಕಿ ಎಂದು ಕೂಗುತ್ತ ಬೆಳೆದು ಬೇರೆ ಊರಿಗೆ ಓದಲು ಹೋದರು. ಹೆಸರು ಮನೆಯಲ್ಲೇ ಉಳಿಯಿತು. ಈಗ ಅಕ್ಕನೂ ಭಾವನೂ ಹಾಗೇ ಕರೆಯುವುದು.

ಅಕ್ಕನ ಅಡುಗೆಮನೆಯಿಂದ ಜಾಡಿಗಳಲ್ಲಿ ಟೊಮೆಟೊ ಸಾಸ್, ಸೇಬಿನ ಹೋಳು, ಕಿತ್ತಳೆ ಸಿಪ್ಪೆಯ ಜಾಮ್ ಅಂಗಡಿಗಳಿಗೆ ಹೋಗುತ್ತಿತ್ತು. ವ್ಯಾನ್ ಭಾವನದು, ಹೆಸರು ಅಕ್ಕನದು, ಕೈ ಚಿಕ್ಕಿಯದು. ಕೆಲಸ ಹೆಚ್ಚಿದಂತೆ ಜಾಡಿಗಳಿಗೆ ಜಾಗ ಸಾಲದೆ ಕಿಟಕಿಗೂ ಅಡ್ಡವಾಗಿ ಹಲಗೆ ಹೊಡೆಸಿದರು. ಆಮೇಲೆ ಅಡುಗೆಮನೆಗೆ ಬೆಳಕು ಬರುತ್ತಿದ್ದದ್ದು ಟೊಮೆಟೊ ದಾಟಿ, ಕೆಂಪಾಗಿ.

ಬಾಗಿಲಿಗೆ ಯಾರೂ ಬೀಗ ಹಾಕಿರಲಿಲ್ಲ. ಆದರೆ ಚಪ್ಪಲಿಗೆ ಕಾಲು ಹಾಕಿದರೆ ಸಾಕು, ಏನು ಬೇಕಿತ್ತು, ಭಾವ ತಂದುಕೊಡ್ತಾರೆ ಬಿಡು ಎಂದು ಒಳಗಿನಿಂದ ಅಕ್ಕರೆಯ ದನಿ ಬರುತ್ತಿತ್ತು. ಏನೂ ಬೇಡ, ಸುಮ್ಮನೆ ಹೊರಗೆ ಹೋಗಬೇಕು ಎಂದು ಹೇಳುವುದು ಹೇಗೆ? ಅಷ್ಟು ಒಳ್ಳೆಯವರ ಮನೆಯಿಂದ ಸುಮ್ಮನೆ ಹೊರಗೆ ಹೋಗುವವರು ಯಾರು?

ಅಕ್ಕನಿಗೊಂದು ರೂಢಿ. ಜಾಡಿ ತುಂಬಿಸಿ, ಮುಚ್ಚಳ ಹಾಕಿ ಚಿಕ್ಕಿ ಸಾಲಾಗಿ ಇಟ್ಟಮೇಲೆ, ಹೆಗಲ ಮೇಲಿನ ಬಟ್ಟೆ ತೆಗೆದುಕೊಂಡು ಬಂದು ಒಂದೊಂದಕ್ಕೂ ಇನ್ನೊಂದು ತಿರುವು ಕೊಡುತ್ತಿದ್ದಳು. ಹಲ್ಲು ಕಚ್ಚಿ, ಗಟ್ಟಿಯಾಗಿ. ಆಮೇಲೇ ಜಾಡಿಗಳು ಕುದಿಯುವ ನೀರಿಗೆ ಇಳಿಯಬೇಕು. ನನ್ನ ಕೈ ಬೀಳದಿದ್ದರೆ ನನಗೆ ನಿದ್ದೆ ಬರಲ್ಲ ಎನ್ನುತ್ತಿದ್ದಳು. ಇಷ್ಟಾಗಿಯೂ ಹನ್ನೆರಡರಲ್ಲಿ ನಾಲ್ಕು ಜಾಡಿಯ ಮುಚ್ಚಳ ಕುದಿಯುವಾಗಲೇ ಡೊಂಕಾಗುತ್ತಿತ್ತು. ನಾಲ್ಕು ದಿನದಲ್ಲಿ ಒಳಗಿನದು ಹುಳಿ ನಾತ ಹೊಡೆಯುತ್ತಿತ್ತು. ಮುಚ್ಚಳವೇ ಸರಿಯಿಲ್ಲ ಎಂದು ಅಕ್ಕ ತೀರ್ಮಾನಿಸಿದಳು. ಚಿಕ್ಕಿಗೆ ಬೇರೆಯೇ ಅನುಮಾನವಿತ್ತು, ಆದರೆ ಅಕ್ಕನಿಗೆ ಹೇಳುವವರು ಯಾರು? ಒಳ್ಳೆಯ ಮುಚ್ಚಳ ಆರಿಸಿಕೊಂಡು ಬಾ ಎಂದು ಅವಳನ್ನೇ ಕಳಿಸಿದರು. ಹಾಗೆ ಗುರುವಾರಗಳು ಶುರುವಾದವು.

ಮೊದಲ ವಾರ ಅವನು ತೆಳು ತಗಡಿನದು ಕೊಟ್ಟ. ಅವುಗಳಲ್ಲಿ ಡೊಂಕಾದವನ್ನು ಅವಳು ವಾರವಾರವೂ ತಂದು ತೋರಿಸುತ್ತಿದ್ದಳು. ಎರಡನೆಯ ವಾರ ಎಳೆದು ಹಾಕುವ ಸಿಲಿಕಾನ್ ಮುಚ್ಚಳ ತೋರಿಸಿ, ಇದು ಫ್ರಿಜ್ಜಿನಲ್ಲಿ ಉಳಿದ ಸಾರಿನ ಬಟ್ಟಲಿಗೆ ಚೆನ್ನ, ಕುದಿಸುವ ಜಾಡಿಗೆ ಆಗದು ಎಂದು ತಾನೇ ಒಳಗಿಟ್ಟ. ಮೂರನೆಯ ವಾರ ತಂತಿಯ ಕೊಕ್ಕೆ ಇರುವ ಗಾಜಿನ ಮುಚ್ಚಳ. ಅದು ಅವರ ಜಾಡಿಯ ಬಾಯಿಗೆ ಕೂರಲಿಲ್ಲ. ಬಾಯಿಯ ಅಳತೆ ತಂದಿದ್ದೀರಾ ಎಂದು ಕೇಳಿದ. ಅವಳು ದಾರ ತೋರಿಸಿದಳು. ದಾರದಲ್ಲಿ ಅಳೆದು ತರುವವರು ಇನ್ನೂ ಇದ್ದಾರಾ ಎಂದು ಅವನು ಅದನ್ನು ಬೆರಳಿಗೆ ಸುತ್ತಿಕೊಂಡು ನೋಡಿದ. ವಾಪಸ್ ಕೊಡಲಿಲ್ಲ. ಅವಳೂ ಕೇಳಲಿಲ್ಲ.

ಅವನ ಕಣ್ಣು ಅವಳ ಮುಖಕ್ಕಿಂತ ಅವಳ ಕೈಗೆ ಹೆಚ್ಚು ಹೋಗುತ್ತಿತ್ತು. ಮುಚ್ಚಳ ಹಾಕಿ ನೋಡಿ ಎಂದು ಜಾಡಿ ಮುಂದೆ ತಳ್ಳುತ್ತಿದ್ದ. ಅವಳು ಎರಡು ಬೆರಳಲ್ಲಿ ತಿರುಗಿಸಿ, ತಡೆ ಸಿಕ್ಕಿದ ಕೂಡಲೇ ನಿಲ್ಲಿಸುತ್ತಿದ್ದಳು. ಅವನು ತಲೆ ಎತ್ತಿ ಒಮ್ಮೆ ನೋಡುತ್ತಿದ್ದ. ಅವಳು ತಟ್ಟನೆ ಕುಕ್ಕರಿನ ಹಿಡಿಗಳನ್ನು ಎಣಿಸತೊಡಗುತ್ತಿದ್ದಳು. ಆ ಗೋಡೆಯಲ್ಲಿ ಹದಿನೇಳು ಹಿಡಿಗಳಿವೆ ಎಂಬುದು ಅವನಿಗಿಂತ ಮೊದಲು ಅವಳಿಗೆ ಗೊತ್ತಾಯಿತು.

ಬೇಡದ ಗಿರಾಕಿ ಬಂದು ಚೌಕಾಸಿಗೆ ನಿಂತರೆ ಅವನು ಎಡಗಿವಿ ಕೊಡುತ್ತಿದ್ದ. ಈ ಮೋಸ ಕಂಡುಹಿಡಿದ ದಿನ ಚಿಕ್ಕಿ ಅವನನ್ನು ಚೆನ್ನಾಗಿ ಆಡಿಕೊಂಡಳು. ನನಗೆ ಯಾವ ಕಿವಿ ಕೊಡ್ತೀರಿ ಅಂತ ನೋಡ್ತಾ ಇರ್ತೀನಿ ಎಂದಳು. ಅವನು ಬಲಗಿವಿಯನ್ನು ಅವಳ ಕಡೆ ತಿರುಗಿಸಿ, ಕಣ್ಣು ಮಾತ್ರ ಬೀದಿಯ ಮೇಲಿಟ್ಟು ಕೂತ. ಆ ಕಿವಿ ಕೆಂಪಗಾಗಿತ್ತು.

ಏಳನೆಯ ಗುರುವಾರ ಅವನು ಮೇಲಿನ ಅಟ್ಟದಿಂದ ಡಬ್ಬ ಇಳಿಸುತ್ತ ಆ ಕಡೆ ತಿರುಗಿದ್ದಾಗ, ಅವಳು ಅವನ ಎಡಗಡೆ ನಿಂತು ಮೆಲ್ಲಗೆ ಒಂದು ಮಾತು ಆಡಿದಳು. “ನನಗೆ ಮನೆಗೆ ಹೋಗೋಕೆ ಇಷ್ಟ ಇಲ್ಲ.” ಆರು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನಿಗೆ ಕೇಳಿಸಲಿಲ್ಲ. ಕೇಳಿಸಬಾರದೆಂದೇ ಆ ಕಡೆ ನಿಂತಿದ್ದಳು.

ಹತ್ತನೆಯ ವಾರ ಅಕ್ಕ ಊಟಕ್ಕೆ ಕೂತಾಗ ವಿಷಯ ತೆಗೆದಳು. ಹಿಂಬದಿಯ ಕೋಣೆಯನ್ನೂ ಅಡುಗೆಮನೆಗೆ ಸೇರಿಸುವುದೆಂದು ಆಗಿದೆಯಂತೆ. ದಿನಕ್ಕೆ ಎರಡು ಸಲ ಬೇಯಿಸಬಹುದು. ಹಿಂಬದಿಯ ಕೋಣೆ ಎಂದರೆ ಚಿಕ್ಕಿಯದು. ಅವಳು ಹಾಲಿನಲ್ಲಿ ಮಲಗಬಹುದು, ಗಾಳಿ ಚೆನ್ನಾಗಿದೆ. “ಇನ್ನು ನೂರಾಇಪ್ಪತ್ತು ಮುಚ್ಚಳ ಒಟ್ಟಿಗೇ ಬೇಕು. ಈ ಗುರುವಾರ ಯಾವುದಾದ್ರೂ ಒಂದು ಆರಿಸಿಬಿಡು. ಆಮೇಲೆ ನಿಮ್ಮ ಭಾವ ಫೋನ್ ಮಾಡಿ ತರಿಸ್ತಾರೆ. ಒಂದು ಮುಚ್ಚಳಕ್ಕೆ ಇಷ್ಟು ಅಲೆದಾಟ ಯಾಕೆ ಹೇಳು?”

ಚಿಕ್ಕಿ ತಟ್ಟೆಯ ಅಂಚನ್ನು ಬೆರಳಿಂದ ಒರೆಸುತ್ತ ಹೂಂ ಎಂದಳು. ಹೂಂ ಎನ್ನುವುದು ಅವಳಿಗೆ ಉಸಿರಾಡಿದಷ್ಟೇ ಅಭ್ಯಾಸವಾಗಿತ್ತು.

ಗುರುವಾರ ಅವನ ಮುಂದೆ ಡೊಂಕಾದ ಕೊನೆಯ ಮುಚ್ಚಳವಿಟ್ಟು, ಇವತ್ತೇ ಕೊನೆ, ಯಾವುದಾದರೂ ಒಂದು ಕೊಡಿ ಎಂದಳು. ಅವನು ಅವಳ ಮುಖ ನೋಡಿದ. ಆಮೇಲೆ ಮುಚ್ಚಳವನ್ನು ಮಗುಚಿ, ಒಳಗಿನ ರಬ್ಬರಿನ ಮೇಲೆ ಉಗುರು ಆಡಿಸಿದ.

“ಇಲ್ಲಿ ಎರಡು ಗೆರೆ ಇದೆ. ಈ ತೆಳುವಾದದ್ದು ನಿಮ್ಮ ಕೈ. ನೀವು ಎಲ್ಲಿ ನಿಲ್ಲಿಸ್ತೀರಿ ಅಂತ ನನಗೆ ಗೊತ್ತು. ಈ ಆಳವಾದದ್ದು ಬೇರೆ ಯಾರದೋ.”

ಅವಳು ಆ ಆಳವಾದ ಗೆರೆಯ ಮೇಲೆ ಬೆರಳಿಟ್ಟಳು.

“ಮುಚ್ಚಳದ ತಪ್ಪು ಏನೂ ಇಲ್ಲ. ಕುದಿಯುವಾಗ ಜಾಡಿಯೊಳಗಿನ ಗಾಳಿ ಹೊರಗೆ ಹೋಗಬೇಕು. ಮೊದಲೇ ಬಿಗಿದುಬಿಟ್ರೆ ಅದಕ್ಕೆ ದಾರಿ ಇಲ್ಲ. ತಳ್ಳಿ ತಳ್ಳಿ ಮುಚ್ಚಳವನ್ನೇ ಡೊಂಕು ಮಾಡುತ್ತೆ.”

ಅಟ್ಟದ ತುದಿಯಿಂದ ಒಂದು ಡಬ್ಬ ಇಳಿಸಿದ. ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ, ಅದರಡಿಗೆ ಬೇರೆಯಾಗಿ ರಬ್ಬರ್ ಉಂಗುರ, ಮೇಲೆ ತಿರುಗಿಸಲು ಲೋಹದ ಬಳೆ. ವರ್ಷಗಟ್ಟಲೆ ತೊಳೆದು ಬಳಸಬಹುದು. ಎರಡು ಬೆರಳಲ್ಲಿ ತಿರುಗಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಸಡಿಲಿಸಿ, ಆಮೇಲೆ ಕುದಿಸಬೇಕು. ನೀರಿನಿಂದ ಎತ್ತಿದ ಮೇಲೆ ಬಿಗಿ ಮಾಡಬೇಕು. ಅಷ್ಟೇ ಎಂದ.

“ಯಾವಾಗಿಂದ ಗೊತ್ತಿತ್ತು ನಿಮಗೆ?”

“ಮೂರನೇ ಗುರುವಾರದಿಂದ.” ಅವನು ಡಬ್ಬದ ದೂಳು ಒರೆಸುತ್ತಲೇ ಇದ್ದ. “ಹೇಳಿದ್ರೆ ನಾಲ್ಕನೇ ಗುರುವಾರ ಇರ್ತಿರಲಿಲ್ಲ.”

ಖುಷಿಯಾಗಬೇಕಾದ ಮಾತು. ಚಿಕ್ಕಿಗೆ ಸಿಟ್ಟು ಬಂತು. ಏಳು ವಾರ ಅವಳು ಕೆಟ್ಟ ಟೊಮೆಟೊ ಹಿತ್ತಿಲಿಗೆ ಸುರಿದಿದ್ದಳು, ಜಾಡಿ ತಿಕ್ಕಿದ್ದಳು, ಅಕ್ಕನ ನಿಟ್ಟುಸಿರು ಕೇಳಿದ್ದಳು.

“ಹಾಗಾದ್ರೆ ನೀವೂ ಅವರ ಹಾಗೇ,” ಎಂದಳು. “ನನ್ನ ಮೇಲೆ ಪ್ರೀತಿ ಇರೋರೆಲ್ಲ ನನ್ನನ್ನ ಹಿಡಿದೇ ಇಟ್ಕೋತಾರೆ.”

ಅವನು ಬಟ್ಟೆ ಕೆಳಗಿಟ್ಟ. “ನಿಜ. ತಪ್ಪು ಮಾಡಿದೆ. ಅದಕ್ಕೇ ಇವತ್ತು ಹೇಳಿದ್ದು. ಇದು ತಗೊಂಡು ಹೋದ್ರೆ ನೀವು ಮತ್ತೆ ಬರಬೇಕಾಗಿಲ್ಲ. ಅದು ಗೊತ್ತಿದ್ದೇ ಕೊಡ್ತಾ ಇದೀನಿ.”

ಅವಳು ಹನ್ನೆರಡು ಮುಚ್ಚಳ ಚೀಲಕ್ಕೆ ಹಾಕಿಕೊಂಡು ಹಿಂತಿರುಗಿ ನೋಡದೆ ಹೋದಳು. ಮೂಲೆ ತಿರುಗಿದ ಮೇಲೆ ನೋಡಿದಳು. ಅಲ್ಲಿಂದ ಅಂಗಡಿ ಕಾಣುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೆರಡು ಜಾಡಿ ತುಂಬಿದವು. ಚಿಕ್ಕಿ ಎರಡು ಬೆರಳಲ್ಲಿ ತಿರುಗಿಸಿ, ಕೂದಲೆಳೆಯಷ್ಟು ಸಡಿಲಿಸಿ ಇಟ್ಟಳು. ಅಕ್ಕ ಹೆಗಲ ಬಟ್ಟೆ ತೆಗೆದುಕೊಂಡು ಬಂದಳು. ಮೊದಲ ಜಾಡಿಗೆ ಕೈ ಹಾಕುವಷ್ಟರಲ್ಲಿ ಚಿಕ್ಕಿಯ ಅಂಗೈ ಅದರ ಮೇಲಿತ್ತು.

“ಈಗ ಬೇಡ ಅಕ್ಕ.”

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅಕ್ಕ ಆ ಕೈಯನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಆರು ವರ್ಷ ಹೂಂ ಎಂದವಳ ಬಾಯಿಂದ ಬೇಡ ಬಂದಿತ್ತು. ಕುದಿಸಿದ ಮೇಲೆ ನೀನೇ ಬಿಗಿ ಮಾಡು, ನಿನ್ನಷ್ಟು ಗಟ್ಟಿ ಕೈ ನನ್ನದಲ್ಲ ಎಂದು ಚಿಕ್ಕಿ ವಿವರಿಸಿದಳು. ಕೈ ಮಾತ್ರ ತೆಗೆಯಲಿಲ್ಲ. ಅಕ್ಕ ಬಟ್ಟೆಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಅಲ್ಲೇ ಕಾದಳು. ನೀರಿನಿಂದ ಎತ್ತಿದ ಮೇಲೆ ಹಲ್ಲು ಕಚ್ಚಿ ಹನ್ನೆರಡನ್ನೂ ತಿರುಗಿಸಿದಳು.

ಮರುದಿನ ಬಳೆ ಬಿಚ್ಚಿ, ಬರೀ ಬಿಲ್ಲೆಯ ಅಂಚು ಹಿಡಿದು ಒಂದೊಂದೇ ಜಾಡಿ ಎತ್ತಿದರು. ಹನ್ನೆರಡೂ ಹಿಡಿದಿದ್ದವು. ಅಕ್ಕ ಅವಳ ಕೆನ್ನೆ ಹಿಂಡಿದಳು. ಭಾವ ಅಂಗಡಿಯ ನಂಬರ್ ಬರೆದುಕೊಂಡರು. ಇನ್ನು ನೀನು ಬಿಸಿಲಲ್ಲಿ ಅಲೆಯುವುದು ತಪ್ಪಿತು ಎಂದರು ಇಬ್ಬರೂ, ಮನಸಾರೆ. ಚಿಕ್ಕಿ ಕಿಟಕಿಯ ಕಡೆ ನೋಡಿದಳು. ಹನ್ನೆರಡು ಹೊಸ ಜಾಡಿಗಳು ಅಲ್ಲೇ ಕೂತು, ಉಳಿದಿದ್ದ ಸಂದನ್ನೂ ಮುಚ್ಚಿದ್ದವು.

ಮುಂದಿನ ಗುರುವಾರ ಅವಳು ಮುಖ ತೊಳೆದು, ತಲೆ ಬಾಚಿ, ಚಪ್ಪಲಿಗೆ ಕಾಲು ಹಾಕಿದಳು.

“ಏನು ತರಬೇಕಿತ್ತು ಚಿಕ್ಕಿ?” ಎಂದಳು ಅಕ್ಕ ಒಳಗಿನಿಂದ.

“ಏನೂ ಇಲ್ಲ.”

ಅಕ್ಕ ಕೈ ಒರೆಸುತ್ತ ಬಾಗಿಲಿಗೆ ಬಂದಳು. ತಂಗಿಯ ಖಾಲಿ ಕೈ ನೋಡಿದಳು, ಬಾಚಿದ ತಲೆ ನೋಡಿದಳು. ಹತ್ತು ಗುರುವಾರಗಳ ಲೆಕ್ಕ ಅವಳಿಗೆ ಆಗ ತಾಳೆಯಾಯಿತು. ತುಟಿ ಅಲುಗಿತು, ಬೈಗುಳ ಬರುತ್ತದೆಂದು ಚಿಕ್ಕಿ ಕಾದಳು.

“ವಾಪಸ್ ಬರ್ತೀಯ ತಾನೆ?” ಎಂದಳು ಅಕ್ಕ. ಆ ದನಿಯಲ್ಲಿ ಯಜಮಾನಿಕೆ ಇರಲಿಲ್ಲ, ಭಯವಿತ್ತು. ಚಿಕ್ಕಿಗೆ ಒಂದು ಕ್ಷಣ ಚಪ್ಪಲಿ ಬಿಚ್ಚಿಬಿಡುವ ಹಾಗಾಯಿತು.

“ಇವತ್ತು ಬರ್ತೀನಿ ಅಕ್ಕ,” ಎಂದಳು. ಇವತ್ತು ಎಂಬ ಆ ಒಂದು ಪದ ಇಬ್ಬರಿಗೂ ಕೇಳಿಸಿತು. ಅಕ್ಕ ಬಾಗಿಲ ಚೌಕಟ್ಟಿನಿಂದ ಪಕ್ಕಕ್ಕೆ ಸರಿದಳು.

ದಾರಿಯುದ್ದಕ್ಕೂ ಖಾಲಿ ಕೈಗಳನ್ನು ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಅಂಗಡಿಯಲ್ಲಿ ಅವನು ಗ್ಯಾಸ್ಕೆಟ್ ತಾತನಿಗೆ ಚಿಲ್ಲರೆ ಕೊಡುತ್ತಿದ್ದ. ಅವಳನ್ನು ಕಂಡು ಚಿಲ್ಲರೆ ಎರಡು ಸಲ ಕೊಟ್ಟ. ತಾತ ಒಳ್ಳೆಯವರು, ಒಂದನ್ನು ಹಿಂದಿರುಗಿಸಿ ಹೋದರು.

“ಏನು ತಂದಿದೀರಿ ಜಾಡಿ ಮೇಡಂ? ಮತ್ತೆ ಡೊಂಕಾಯ್ತಾ?”

ಅವಳು ಅವನ ಎಡಗಡೆ, ಎಂದಿನಂತೆ ಬಾಗಿಲ ಬಳಿ ನಿಂತಿದ್ದಳು. ಕೌಂಟರ್ ಸುತ್ತಿ ಬಲತುದಿಗೆ ಹೋದಳು. ಸ್ಟೂಲಿನ ಮೇಲಿನ ಡಬ್ಬಗಳು ಅಡ್ಡ ಬಂದವು. ಅವನು ಎದ್ದು, ಒಂದೊಂದಾಗಿ ಎಲ್ಲವನ್ನೂ ನೆಲಕ್ಕಿಳಿಸಿ, ಸ್ಟೂಲನ್ನು ತೋಳಿನಿಂದ ಒರೆಸಿದ. ಅವಳು ಕೂತಳು. ಬಾಗಿ ನಿಂತಿದ್ದ ಅವನ ಬಲಗಿವಿ ಒಂದು ಗೇಣು ದೂರದಲ್ಲಿತ್ತು, ಆಗಲೇ ಕೆಂಪೇರುತ್ತಿತ್ತು.

“ಮುಚ್ಚಳಕ್ಕೆ ಬಂದಿಲ್ಲ,” ಎಂದಳು. “ನಿಮ್ಮನ್ನ ನೋಡೋಕೆ ಬಂದೆ.”

ಅವನು ಆ ಕಿವಿಯನ್ನು ಇನ್ನಷ್ಟು ಹತ್ತಿರ ತಂದ.

“ಇನ್ನೊಂದು ಸಲ ಹೇಳಿ.”

“ಕೇಳಿಸ್ಲಿಲ್ವಾ?”

“ಕೇಳಿಸ್ತು,” ಎಂದ ಅವನು. “ಅದಕ್ಕೇ.”