ಪೆಪ್ಪರ್‌ಮಿಂಟು ಕರಗುವವರೆಗೆ

"ಮಧ್ಯಾಹ್ನದೊಳಗೆ ಇವರು ಹೊರಗೆ ಬಂದಿರಬೇಕು," ಎಂದಳು ಅಕ್ಕ, ಸೊಂಟಕ್ಕೆ ಹಗ್ಗ ಬಿಗಿಯುತ್ತ.

'ಇವರು' ಎಂದರೆ ಅವಳ ಗಂಡ. ಗುಹೆಯ ನಕ್ಷೆ ತಯಾರಿಸಲು ಹೋಗಿ, ಒಳಗಿನ ಹಜಾರದಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದ್ದ. ಅವನನ್ನು ತರಲು ಹೊರಟವರು ಮೂವರು: ತಂಡದ ಮುಂದಾಳು ಅಕ್ಕ, ಅವಳ ತಮ್ಮ ಗಿಳಿ, ಮತ್ತು ಇದೇ ಮೊದಲ ಸಲ ಗುಹೆ ಹೊಕ್ಕ ಡಾಕ್ಟರು. ಯಾರ ದನಿ ಕಿವಿಗೆ ಬಿದ್ದರೂ ತಕ್ಷಣ ಹಾಗೇ ಅನುಕರಿಸುತ್ತಿದ್ದ ತಮ್ಮನಿಗೆ ಗಿಳಿಯೆಂಬ ಹೆಸರೇ ನಿಂತಿತ್ತು.

ಗುಹೆಯ ಬಾಯಿ ಕಿರಿದು, ಹೊಟ್ಟೆ ಹಿರಿದು. ಹಲ್ಲುಗಳಂತೆ ಇಳಿಬಿದ್ದ ಕಲ್ಲುಗಳ ನಡುವೆ ತೊರೆಯೊಂದು ಗೊಣಗುತ್ತ ಹರಿಯುತ್ತಿತ್ತು. "ಬಾಯಿ ದೊಡ್ಡದಾಗಿ ತೆಗೀರಿ, ಆ ಅನ್ನಿ," ಎಂದು ಗಿಳಿ ಡಾಕ್ಟರ ದನಿಯಲ್ಲೇ ಗುಹೆಗೆ ಆಜ್ಞಾಪಿಸಿದ. ಗುಹೆಯೂ ವಿಧೇಯ ರೋಗಿಯಂತೆ 'ಆ' ಎಂದಿತು.

ಹಜಾರದಲ್ಲಿ ಡಾಕ್ಟರು ಮುರಿದ ಕಾಲನ್ನು ನೇರಮಾಡಿ ಪಟ್ಟಿ ಕಟ್ಟಿದರು. "ಪಾದ ತಣ್ಣಗಿದೆ. ತಡ ಆದ್ರೆ ಉಳಿಸೋದು ಕಷ್ಟ."

ಸ್ಟ್ರೆಚರ್ ಹೊತ್ತು ಮರಳಿದರು. ಮುಂದೆ ತಗ್ಗು ಸುರಂಗ; ಮೊಣಕಾಲುದ್ದ ನೀರಲ್ಲಿ ಬಗ್ಗಿಯೇ ದಾಟಬೇಕು. ಅದರ ಬಾಗಿಲಿಗೆ ಬಂದಾಗ ತೊರೆಯ ಗೊಣಗಾಟ ನಿಂತಿತು. ನೀರು ಕಣಕಾಲಿಗಿಳಿಯಿತು. ಆಮೇಲೆ ಬರೀ ಒದ್ದೆ ಕಲ್ಲು.

"ದಾರಿ ತಾನಾಗೇ ಬಿಟ್ಕೊಡ್ತು. ನಡೀರಿ, ನಡೀರಿ," ಎಂದರು ಡಾಕ್ಟರು.

ಅಕ್ಕ ಮುಂದಿಟ್ಟ ಹೆಜ್ಜೆಯನ್ನು ಹಿಂದೆಗೆದಳು. "ಸ್ಟ್ರೆಚರ್ ಇಳಿಸಿ. ಪೆಪ್ಪರ್‌ಮಿಂಟು."

ಅದು ತಂಡದ ಕಟ್ಟಳೆ. ಗುಹೆಯಲ್ಲಿ ಏನೇ ಬದಲಾಗಲಿ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಎಲ್ಲರೂ ಬಾಯಿಗೊಂದು ಪೆಪ್ಪರ್‌ಮಿಂಟು ಹಾಕಿಕೊಂಡು ಕೂರಬೇಕು. ಅದು ಕರಗುವವರೆಗೆ ಮುಂದೆ ಹೆಜ್ಜೆಯಿಲ್ಲ. ಕಡಿದು ನುಂಗುವಂತಿಲ್ಲ.

"ಅಲ್ಲಮ್ಮ, ಕಾಲು ಹೋಗ್ತಿರೋವಾಗ ಮಿಠಾಯಿ ತಿಂತೀರಾ?"

"ಅದು ನನ್ನ ಗಂಡನ ಕಾಲು, ಡಾಕ್ಟ್ರೇ. ನಿಮಗಿಂತ ಅವಸರ ನನಗಿದೆ. ಕೂತ್ಕೊಳ್ಳಿ."

"ನನಗೂ ಒಂದು ಕೊಡೇ," ಎಂದಿತು ಸ್ಟ್ರೆಚರ್.

ಕುಳಿತರು. ಮೌನದಲ್ಲಿ ನಾಲ್ಕು ಬಾಯಿ ಚೀಪುವ ಸದ್ದು. ಗಿಳಿ ಕತ್ತು ವಾರೆಮಾಡಿದ. ಎಲ್ಲಿಂದಲೋ ಬಂದ ಮಂದ್ರ ದನಿಯೊಂದನ್ನು ಗಂಟಲಲ್ಲೇ ಹಿಡಿದು ನೋಡಿದ. ಹೂಂ... ಗುಳಕ್. ಹೂಂ...

"ಅಕ್ಕಾ, ನಲ್ಲೀಲಿ ನೀರು ಬರೋ ಮುಂಚೆ ಪೈಪು ನಿಟ್ಟುಸಿರು ಬಿಡುತ್ತಲ್ಲ, ಅದೇ ಇದು."

ಅಕ್ಕನ ಕುತ್ತಿಗೆಗೆ ತಣ್ಣನೆ ಗಾಳಿ ತಾಗಿತು. ಅಷ್ಟು ಹೊತ್ತೂ ಇರದ ಗಾಳಿ.

"ಮೇಲೆಲ್ಲೋ ಕಸಕಡ್ಡಿ ಅಡ್ಡ ಕೂತು ನೀರು ಕಟ್ಟಿತ್ತು. ಈಗ ಒಡೀತಿದೆ. ಪಕ್ಕದ ಎತ್ತರದ ಬಂಡೆ ಮೇಲೆ ಹತ್ತಿ."

ಗಿಳಿ ಹತ್ತಿದ. ಹಗ್ಗ ಎಸೆದ. ಸ್ಟ್ರೆಚರ್ ಮೇಲೇರಿತು. ಡಾಕ್ಟರು ತೆವಳಿದರು. ಕೊನೆಗೆ ಅಕ್ಕ.

ಬಂತು ನೀರು. ಕೆಂಪಗೆ, ದಿಮ್ಮಿಗಳನ್ನು ಉರುಳಿಸುತ್ತ, ಸುರಂಗದ ಸೂರಿನವರೆಗೂ ತುಂಬಿ ನುಗ್ಗಿತು. ಡಾಕ್ಟರು ಬಾಯಲ್ಲಿ ಉಳಿದಿದ್ದ ಪೆಪ್ಪರ್‌ಮಿಂಟನ್ನು ಇಡಿಯಾಗಿ ನುಂಗಿದರು. ಯಾರೂ ಆಕ್ಷೇಪಿಸಲಿಲ್ಲ.

ಅಬ್ಬರ ಇಳಿದು, ನೀರು ಮತ್ತೆ ಮೊಣಕಾಲಿಗೆ ಬಂದು ಗೊಣಗತೊಡಗಿದ ಮೇಲೆ ಸುರಂಗ ದಾಟಿದರು.

ಹೊರಗೆ ಬಿಸಿಲಿತ್ತು. ಡಾಕ್ಟರು ಪಾದ ಒತ್ತಿ ನೋಡಿದರು. "ಹೆಬ್ಬೆರಳು ಆಡ್ಸಿ." ಹೆಬ್ಬೆರಳು ಅಲುಗಿತು.

"ಉಳಿಯುತ್ತೆ," ಎಂದರು.

ಆಗ ಅಕ್ಕ ನೀರಿನ ಬಾಟಲಿ ತೆಗೆದಳು. ಮುಚ್ಚಳ ಬಿಚ್ಚಲಾಗಲಿಲ್ಲ. ಡಾಕ್ಟರೇ ಬಿಚ್ಚಿ ಕೊಟ್ಟರು.

"ನಿಧಾನಕ್ಕೆ ಕುಡೀಮ್ಮ," ಎಂದರು. "ಆಸ್ಪತ್ರೆ ಗಾಡಿ ಕಾಯುತ್ತೆ."