ರೆವಿ ಕಲಿಸಿದ ಜೇಕು

"ಏಯ್! ಬುಡ ಸಮೇತ ಕೀಳ್ಬೇಡ!"

ಸೊಂಟದುದ್ದ ಕೆರೆ ನೀರಿನಲ್ಲಿ ನಿಂತಿದ್ದ ನೈರಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಕುಟಾ ಎಂಬ ಜೇಕು ಹುಲ್ಲಿನ ಕಡ್ಡಿಗಳು ತೇಲಿಹೋದವು.

ದಡದಲ್ಲಿದ್ದ ಯುವಕ ಸರಸರನೆ ನೀರಿಗಿಳಿದ. "ಬುಡಾನೇ ಹೋದ್ರೆ ಮುಂದಿನ ವರ್ಷ ಚಾಪೆ ಯಾವುದ್ರಲ್ಲಿ ಹೆಣೀತೀಯ? ನಿನ್ನ ಕೂದಲಲ್ಲಾ?"

"ಕೂದಲು ಸಾಲಲ್ಲ!" ಎಂದಳು ಸಿಟ್ಟಿನಿಂದ.

ಅವನು ನಕ್ಕುಬಿಟ್ಟ. ಆ ನಗುವಿಗೆ ಅವಳ ಎದೆ ಯಾಕೋ ಝಲ್ಲೆಂದಿತು...

ಅವನು ರೆವಿ. ಊರವರಿಗೆ ಜೌಗಿನ ಗಿಡಗಳನ್ನು ಗುರುತಿಸಲು ಕಲಿಸುವವನು. ಚಾಪೆ ಹೆಣೆಯುವ ಹೂಹಾನಾ ಆಂಟಿಯ ಮಂಡಿ ಕೈಕೊಟ್ಟ ಮೇಲೆ ಜೇಕು ತರುವ ಕೆಲಸ ನೈರಿಯ ಪಾಲಿಗೆ ಬಂದಿತ್ತು. ಆಕ್ಲೆಂಡ್ ನಗರದಲ್ಲಿ ಬೆಳೆದ ಅವಳಿಗೆ ಎಲ್ಲವೂ ಬರೀ ಹುಲ್ಲು!

ಶನಿವಾರಗಳಂದು ಪಾಠ ಶುರುವಾಯಿತು.

"ದಂಟನ್ನ ಬೆರಳಲ್ಲಿ ಹೊರಳಿಸು. ಮೂರು ಮೂಲೆ ಸಿಕ್ತಾ? ಹಾಗಾದ್ರೆ ಜೇಕು."

"ಕುಟಾ ಗುಂಡಗಿದೆಯಲ್ಲ?"

"ಅದು ತರಲೆ. ಗುಂಡಗಿದ್ರೂ ಜೇಕೇ. ಯಾರ ಮಾತೂ ಕೇಳಲ್ಲ, ನಿನ್ನ ಹಾಗೆ!"

ಆದರೆ ಒಂದು ದಿನ, ಒಂದೇ ಥರ ಕಾಣುವ ಎರಡು ತೆನೆ ಹಿಡಿದು ಅವಳು ಓಡಿ ಬಂದಾಗ ರೆವಿ ಮುಖ ತಿರುಗಿಸಿದ.

"ಕಾಯಿ ನೋಡಿ ಹೇಳು ರೆವಿ, ಇದು ಪೂಕಿಯೋ ಜೇಕಾ, ರೌತಾಹಿ ಜೇಕಾ?"

"ಭೂತಗನ್ನಡಿ ಕೊಟ್ಟಿದ್ದೀನಲ್ಲ, ನೀನೇ ನೋಡ್ಕೋ. ಎಲ್ಲಾದಕ್ಕೂ ನನ್ನನ್ನೇ ಕೇಳ್ಬೇಡ."

ಅವಳ ಕಣ್ಣು ತುಂಬಿತು. ಮರುದಿನ ಅಂಗಡಿಯಲ್ಲಿ ಕೈ ಬೀಸಿದರೆ, ಅವಳತ್ತಲೇ ಮುಖ ಮಾಡಿದ್ದವನು ಮಾತಾಡದೆ ಹೊರಟುಹೋದ.

'ನಾನ್ಯಾರು ಅವನಿಗೆ?...'

ಅದರ ಮರುದಿನ ಭೂತಗನ್ನಡಿ ಹಿಂದಿರುಗಿಸಲು ಕೆರೆಗೆ ಹೋದಳು. ರೆವಿ ದಡದಲ್ಲಿ ಕೂತಿದ್ದ. "ತಗೋ. ಇನ್ನು ಬರಲ್ಲ ನಾನು."

ಅವನ ಕೈ ತಡಕಾಡಿತು. ಗಾಜು ಜಾರಿ ಕೆಸರಿಗೆ ಬಿತ್ತು.

"ರೆವಿ...?"

"ನೋಟದ ನಡುವೆ ಏನೂ ಕಾಣಲ್ಲ ನೈರಿ. ಸುತ್ತಲ ಅಂಚು ಮಾತ್ರ... ಕಾಯಿ ಕಾಣಲ್ಲ. ಮುಖಾನೂ ಕಾಣಲ್ಲ."

"ನಿನ್ನೆ ಅಂಗಡೀಲಿ ಕೈ ಬೀಸಿದ್ನಲ್ಲೋ!"

"ಅದು... ನೀನಾ?"

"ಡಾಕ್ಟರು ಏನಂದ್ರು?"

"ಔಷಧ ಇಲ್ವಂತೆ. ಇನ್ನೂ ಮಸುಕಾಗುತ್ತಂತೆ."

ಇದನ್ನು ಸರಿಪಡಿಸುವುದು ಯಾರ ಕೈಯಲ್ಲೂ ಇರಲಿಲ್ಲ. ಅವಳು ಕೆಸರಿನಲ್ಲೇ ಅವನ ಪಕ್ಕ ಕುಸಿದು ಕುಳಿತಳು.

"ಅಳ್ತಿದ್ದೀಯಾ? ಅದಕ್ಕೇ ಹೇಳ್ಲಿಲ್ಲ. ನಿನ್ನ ಕರುಣೆ ಬೇಡ ನಂಗೆ."

"ಕರುಣೆಯಂತೆ ಕರುಣೆ! ಪ್ರೀತಿ ಕಣೋ, ದಡ್ಡ... ಅದೂ ಕಾಣ್ಲಿಲ್ವಾ?"

ರೆವಿ ಅವಳ ದನಿಯತ್ತ ತಿರುಗಿದ.

"ಅದೊಂದು ಚೆನ್ನಾಗೇ ಕಾಣ್ತಿತ್ತು. ಅದಕ್ಕೇ ಹೆದರಿ ದೂರ ಹೋದೆ."

ಅವಳು ಅವನ ಭುಜಕ್ಕೆ ತಲೆಯಿಟ್ಟಳು. ಅವನು ಸರಿಯಲಿಲ್ಲ.

"ಈಗ ಹೇಗೆ ಕಾಣ್ತಿದ್ದೀಯ? ಹೇಳು."

"ಮೂಗಿಗೆ ಕೆಸರು ಮೆತ್ತಿದೆ. ಅತ್ತು ಕಣ್ಣು ಊದಿದೆ."

"ಚೆನ್ನಾಗಿದೆ."

"ಕಾಣ್ದೇನೇ ಹೇಳ್ತೀಯಲ್ಲೋ!"

"ಹೂಂ," ಎಂದು ಅವಳ ಕೆನ್ನೆ ಒರೆಸಿದ. "ಕಾಣ್ದೇನೇ ಹೇಳ್ತೀನಿ. ದಿನಾ ಹೇಳ್ತೀನಿ, ನೀನು ಇದ್ರೆ..."

"ಇರ್ತೀನಿ."