ಒದ್ದೆ ಅಂಗೈಗಳ ಸೈಕಲ್ ಸವಾರಿ

ನಾತ ಮೊದಲು ಬಂತು. ಹುಡುಗ ಆಮೇಲೆ ಬಂದ.

ಮದರಾಸಿನ ಬೆಸೆಂಟ್ ನಗರದ ಬೀಚ್ ರಸ್ತೆಯಲ್ಲಿ ಸೈಕಲ್ ಹಿಡಿದು ನಿಂತಿದ್ದ ವಿಭಾ ಮೂಗಿಗೆ ಕರ್ಚೀಫು ಒತ್ತಿಕೊಂಡಳು. ಎದುರಿಗೆ ಬಂದು ಸೈಕಲ್ ನಿಲ್ಲಿಸಿದವನ ಪ್ಯಾಂಟು ಮೊಣಕಾಲಿನಿಂದ ಕೆಳಗೆ ತೊಯ್ದು ತೊಪ್ಪೆಯಾಗಿತ್ತು. ಬಟ್ಟೆಯ ಮೇಲೆ ಅಲ್ಲಲ್ಲಿ ಮೀನಿನ ಹುರುಪೆ ಅಂಟಿಕೊಂಡು ಎಳೆಬಿಸಿಲಿಗೆ ಮಿನುಗುತ್ತಿತ್ತು.

ಬೆಳಗ್ಗೆ ಕುಡಿದ ಕಾಫಿ ಗಂಟಲಿಗೆ ಬಂದು ನಿಂತಿತು.

'ಇವನೇನಾ... ಅಪ್ಪ ಅಮ್ಮ ಅಷ್ಟು ಹೊಗಳಿದ ಹುಡುಗ ಇವನೇನಾ?'

“ನಾನು ಗುರುಚರಣ,” ಅಂದ ಅವನು, ಏನೂ ಆಗಿಲ್ಲವೆಂಬಂತೆ. “ಮೀನಿನ ನೀರುರೀ. ಮುಂದೆ ಹೋಗ್ತಿದ್ದ ಗಾಡಿಯಿಂದ ಚೆಲ್ಲಿಬಿಡ್ತು. ಅಕ್ಕನ ಮನೀಗೆ ವಾಪಸ್ ಹೋಗಿ ಬಟ್ಟಿ ಬದಲಿಸ್ಕೊಂಡು ಬರೋದಂದ್ರ ನೀವು ಕಾಯಬೇಕಾಗ್ತದ. ಅದಕ್ಕ ಹಿಂಗೇ ಬಂದೆ.”

ವಿಭಾ ಕರ್ಚೀಫನ್ನು ಇನ್ನಷ್ಟು ಒತ್ತಿ ಹಿಡಿದಳು. ಬಾಯಿ ತೆರೆದರೆ ವಾಂತಿಯಾಗುವ ಭಯ.

ಅವನು ಸಮುದ್ರದ ಕಡೆಗೊಮ್ಮೆ ನೋಡಿದ. ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ಸೈಕಲ್ ದಾಟಿಸಿಕೊಂಡು ಅವಳ ಈಚೆ, ಗಾಳಿ ಹೋಗುವ ಬದಿಗೆ ಬಂದ. ನಾತ ಅವಳನ್ನು ಬಿಟ್ಟು ಅತ್ತ ಹೋಯಿತು.

ಆ ಸೂಕ್ಷ್ಮ ಅವಳಿಗೆ ತಿಳಿಯಿತು. ಆದರೂ ಅವಳನ್ನು ಬೆರಗುಗೊಳಿಸಿದ್ದು ಅದಲ್ಲ. ಇಷ್ಟು ಗಬ್ಬು ನಾರುತ್ತಿರುವ ಮನುಷ್ಯ ನಾಚಿಕೆಯಿಂದ ಸಾಯದೆ ಹೇಗೆ ನಿಂತಿದ್ದಾನೆ... ಅದು!

ಏಕೆಂದರೆ ನಾಚಿಕೆಯಿಂದ ಸಾಯುವುದು ವಿಭಾಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಅಂಗೈ ಬೆವರುತ್ತಿತ್ತು. ಎಲ್ಲರಂತೆ ಸೆಖೆಗೆ ಬೆವರುವುದಲ್ಲ. ಚಿಕ್ಕಂದಿನಿಂದಲೂ ಅಂಗೈಯಲ್ಲಿ ನೀರು ಜಿನುಗಿ ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಶಾಲೆಯಲ್ಲಿ ಬರೆದ ಹಾಳೆ ಹರಿಯುತ್ತಿತ್ತು, ಆಟದಲ್ಲಿ ಕೈ ಹಿಡಿದ ಗೆಳತಿಯರು ಕಿರುಚಿ ಬಿಡುತ್ತಿದ್ದರು. ಇದು ರೋಗವಲ್ಲ, ಕೆಲವರ ಮೈಗುಣ ಅಂತ ಡಾಕ್ಟರು ಹೇಳಿದ್ದರು. ಆದರೆ ಡಾಕ್ಟರ ಮಾತು ಕೇಳಿ ಯಾರು ಕೈ ಹಿಡಿಯುತ್ತಾರೆ?

ಪೋರೂರಿನ ಉಪೇಂದ್ರನ ಜೊತೆ ನಿಶ್ಚಿತಾರ್ಥವಾದ ದಿನ ಅದು ಪೂರ್ತಿ ಮನದಟ್ಟಾಗಿತ್ತು. ಉಂಗುರ ತೊಡಿಸುವಾಗ ಅವಳ ಬೆರಳು ಜಾರಿತು. ಅವನು ಕರ್ಚೀಫು ತೆಗೆದು ತನ್ನ ಒಂದೊಂದೇ ಬೆರಳನ್ನು ಒರೆಸಿಕೊಂಡ. 'ಚೀ' ಅಂದದ್ದು ಅವಳಿಗೆ ಮಾತ್ರ ಕೇಳಿಸಿತು. ಕೆಲವೇ ದಿನಗಳಲ್ಲಿ ಸಂಬಂಧ ಮುರಿಯಿತು. ಹುಡುಗಿಗೆ ಏನೋ ಚರ್ಮರೋಗವಂತೆ ಅಂತ ಊರೆಲ್ಲ ಸುದ್ದಿಯಾಯಿತು.

ಅಂದಿನಿಂದ ವಿಭಾ ಒಂದು ಉಪಾಯ ಕಲಿತಳು. ಜನ ತನ್ನನ್ನು ಕಂಡು ಅಸಹ್ಯಪಡುವ ಮುಂಚೆ ತಾನೇ ಅವರನ್ನು ಕಂಡು ಅಸಹ್ಯಪಟ್ಟುಬಿಡುವುದು. ವಿಮಾ ಕಚೇರಿಯಲ್ಲಿ ಉಗುರು ಕಚ್ಚುವವರು, ಬಸ್ಸಿನಲ್ಲಿ ಕಂಕುಳೆತ್ತಿ ನಿಲ್ಲುವವರು, ಬಾಯಿ ಚಪ್ಪರಿಸಿ ತಿನ್ನುವ ನೆಂಟರು... ಯಾರನ್ನು ನೋಡಿದರೂ ಅವಳ ಮುಖ ಸಿಂಡರಿಸಿಕೊಳ್ಳುತ್ತಿತ್ತು. ಗಂಡಿನವರು ಮನೆಗೆ ಬಂದು ಬಜ್ಜಿ, ಸಜ್ಜಿಗೆ ತಿಂದು ಹೆಣ್ಣು ನೋಡುವುದೇ ಬೇಡ ಅಂತ ಹಟ ಹಿಡಿದಿದ್ದಳು.

ಆಗ ಬಂದದ್ದು ಈ ಗುರುಚರಣನ ಪ್ರಸ್ತಾಪ. ಅವನ ಅಜ್ಜ ಧಾರವಾಡದಿಂದ ರೈಲ್ವೆ ಕೆಲಸಕ್ಕೆ ಬಂದು ಪೆರಂಬೂರಿನಲ್ಲಿ ನೆಲೆಸಿದವರು. ಅವನು ತಿರುವೊಟ್ಟಿಯೂರಿನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಶನಿವಾರ ತಿರುವಾನ್ಮಿಯೂರಿನಲ್ಲಿರುವ ಅಕ್ಕನ ಮನೆಗೆ ಬಂದು, ಭಾನುವಾರ ಬೆಳಗ್ಗೆ ಸೈಕಲ್ ತುಳಿಯುವುದು ಅವನ ಅಭ್ಯಾಸ. ಹುಡುಗಿ ಒಪ್ಪುವುದಾದರೆ ಒಟ್ಟಿಗೆ ನಾಲ್ಕು ಬೀದಿ ಸುತ್ತಿ ಬರೋಣ ಅಂತ ಹೇಳಿಕಳಿಸಿದ್ದ.

ವಿಭಾ ಒಪ್ಪಿದ್ದಳು. ಸೈಕಲ್ ಮೇಲೆ ಕೈ ಎರಡೂ ಹ್ಯಾಂಡಲ್ ಹಿಡಿದಿರುತ್ತವೆ. ಗ್ಲೌಸ್ ಹಾಕಿಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಕೈಕುಲುಕುವ, ತಟ್ಟೆ ಕೊಡುವ ಕಷ್ಟವಿಲ್ಲ.

ಮೀನು ನಾತದ ಆ ದಿನದ ಮೇಲೆ ಮತ್ತೊಂದು ಭಾನುವಾರ ಬಂತು, ಅದರ ಮೇಲೆ ಇನ್ನೊಂದು. ಯಾಕೆ ಒಪ್ಪಿದೆ ಅಂತ ಅವಳಿಗೇ ತಿಳಿಯಲಿಲ್ಲ.

ಅವರ ಸವಾರಿ ಎಷ್ಟು ನಿಧಾನವೆಂದರೆ ವಾಕಿಂಗ್ ಹೋಗುವ ಮುದುಕರು ಅವರನ್ನು ದಾಟಿ ಹೋಗುತ್ತಿದ್ದರು. ಬೀಚ್ ರಸ್ತೆ ಮುಗಿಸಿ, ಮರಗಳು ಬಾಗಿದ ಅಡ್ಯಾರಿನ ಬೀದಿಗಳಲ್ಲಿ ಸುತ್ತಿ, ಎಲ್ಲಾದರೂ ಸೈಕಲ್ ಮೇಲೆ ಕ್ಯಾನು ಕಟ್ಟಿಕೊಂಡು ಬರುವವನ ಹತ್ತಿರ ಒಣಶುಂಠಿಯ ಸುಕ್ಕು ಕಾಪಿ ಕುಡಿಯುತ್ತಿದ್ದರು. ಅವನು ಅದನ್ನು ಸೊರ್ರೆಂದು ಸದ್ದು ಮಾಡಿ ಹೀರುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು.

ಒಮ್ಮೆ ಅವನು ಅದನ್ನು ಗಮನಿಸಿ ನಕ್ಕ. ಇವತ್ತು ಬೆಳಗ್ಗೆಯಿಂದ ಇನ್ನೂ ಏನೇನು ಕಂಡು ಹೇಸಿಗೆಯಾಯಿತು ಅಂತ ಕೇಳಿದ. ವಿಭಾ ಸಿಟ್ಟಿನಲ್ಲಿ ಹೇಳತೊಡಗಿದಳು. ಗೋಡೆಯ ಮೇಲಿನ ಎಲೆಯಡಿಕೆ ಉಗುಳು, ಬೀದಿನಾಯಿಯ ಗಾಯದ ಮೇಲಿನ ನೊಣ, ಕಾಪಿಯವನ ಉದ್ದನೆಯ ಕಿರುಬೆರಳ ಉಗುರು, ನದಿ ಸಮುದ್ರ ಸೇರುವಲ್ಲಿನ ಕೊಳೆತ ಕೆಸರು... ಹೇಳುತ್ತಾ ಹೇಳುತ್ತಾ ಅವಳಿಗೇ ನಗು ಬಂತು. ಅವನು ತನ್ನ ಕಾರ್ಖಾನೆಯ ಕ್ಯಾಂಟೀನಿನ ಸಾಂಬಾರಿನಲ್ಲಿ ಈಜುತ್ತಿದ್ದುದರ ಕಥೆ ಹೇಳಿದ. ಅವಳು ಬೇಡ ಬೇಡ ಅಂದರೂ ಪೂರ್ತಿ ಹೇಳಿದ.

ಅಲ್ಲಿಂದ ಅದೇ ಅವರ ಪ್ರೇಮದ ಮಾತಾಯಿತು. ಬೇರೆ ಜೋಡಿಗಳು ಸೂರ್ಯೋದಯದ ಫೋಟೋ ತೆಗೆಯುತ್ತಿದ್ದರೆ, ಇವರಿಬ್ಬರೂ ಪಕ್ಕಪಕ್ಕದಲ್ಲಿ ಪೆಡಲ್ ತುಳಿಯುತ್ತಾ ವಾರವಿಡೀ ಕಂಡ ಹೇಸಿಗೆಗಳನ್ನು ಹಂಚಿಕೊಳ್ಳುತ್ತಿದ್ದರು. ವಿಭಾಳಿಗೆ ಎದೆ ಹಗುರಾಗುತ್ತಿತ್ತು. ಒಂದನ್ನು ಮಾತ್ರ ಅವಳು ಹೇಳಿರಲಿಲ್ಲ. ಗ್ಲೌಸಿನೊಳಗೆ ಇದ್ದದ್ದನ್ನು...

ಒಂದು ಭಾನುವಾರ ಮುರಿದ ಸೇತುವೆಯ ದಾರಿಯಲ್ಲಿ ಅವಳ ಸೈಕಲ್ ಚೈನು ಕಳಚಿತು. ಗುರು ಮಂಡಿಯೂರಿ ಕೂತು ಚೈನು ಏರಿಸಿದ. ಅವಳು ಹಿಂದಿನ ಚಕ್ರ ಎತ್ತಿ ಹಿಡಿಯಬೇಕಿತ್ತು. ಗ್ಲೌಸ್ ಜಾರುತ್ತಿತ್ತು, ಬಿಚ್ಚಿಟ್ಟಳು.

ಕೆಲಸ ಮುಗಿದು ಅವಳು ಚಕ್ರ ಇಳಿಸಿ ಹ್ಯಾಂಡಲ್ ಹಿಡಿದಳು. ಅವನೂ ಎದ್ದು ಹ್ಯಾಂಡಲ್ ಹಿಡಿದಾಗ ಅವನ ಕೈ ಅವಳ ಕೈ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ಉಳಿಯಿತು. ಮೆಲ್ಲಗೆ ಬೆರಳುಗಳು ಮಡಚಿ ಅವಳ ಅಂಗೈಯನ್ನು ಸುತ್ತಿಕೊಂಡವು.

ವಿಭಾ ಅವನ ಮುಖ ನೋಡಿದಳು. 'ಈಗ ಗೊತ್ತಾಗುತ್ತೆ... ಈಗ...'

ಅವನು ಕೈ ತೆಗೆದ. ಪ್ಯಾಂಟಿಗೆ ಉಜ್ಜಿ ಒರೆಸಿಕೊಂಡ.

ಅಷ್ಟೇ ಆದದ್ದು. ಆದರೆ ವಿಭಾಳ ಕಣ್ಣ ಮುಂದೆ ಉಪೇಂದ್ರನ ಕರ್ಚೀಫು ಬಂದು ನಿಂತಿತು. ಹೇಸಿಗೆ ಉಕ್ಕಿತು. ಅವನ ಮೇಲೋ ತನ್ನ ಮೇಲೋ ಅಂತ ಅವಳಿಗೆ ಬೇರ್ಪಡಿಸಲಾಗಲಿಲ್ಲ. ತಲೆನೋವು ಅಂದಳು. ಗ್ಲೌಸನ್ನೂ ಹಾಕಿಕೊಳ್ಳದೆ ಸೈಕಲ್ ಹತ್ತಿ ಹೊರಟೇಬಿಟ್ಟಳು. ಹ್ಯಾಂಡಲ್ ದಾರಿಯುದ್ದಕ್ಕೂ ಕೈಯಲ್ಲಿ ಜಾರಿತು.

ಅವನ ಫೋನನ್ನು ಅವಳು ಎತ್ತಲಿಲ್ಲ. ಅಮ್ಮ ಸೀತಾ ಕಾರಣ ಕೇಳಿ ಬೆನ್ನು ಬಿದ್ದಾಗ ಅಡುಗೆಮನೆಯಲ್ಲೇ ಸಿಡಿದಳು.

“ಅವರನ್ನ ನೋಡಿದ್ರೇ ವಾಕರಿಕೆ ಬರುತ್ತೆ ಅಮ್ಮ. ಮೀನು ನಾತ, ಕಾಪಿ ಕುಡಿಯೋ ಸದ್ದು... ಜೀವನಪೂರ್ತಿ ನನ್ನ ಕೈಲಿ ಆಗಲ್ಲ. ಬೇಡ ಅಂತ ಹೇಳಿಬಿಡಿ.”

ಸೀತಮ್ಮ ಜಾತಕದ ನೆಪ ಹೇಳಿ ಮುಗಿಸುವವರಿದ್ದರು. ಆದರೆ ಗುರು ಫೋನ್ ಮಾಡಿದಾಗ ಎತ್ತಿದ್ದು ಅಪ್ಪ ಮುರಳೀಧರ. ಬ್ಯಾಂಕಿನಲ್ಲಿ ಆಯುಷ್ಯ ಕಳೆದ ಅವರಿಗೆ ಸುಳ್ಳು ಬಾಯಿಗೆ ಬರುತ್ತಿರಲಿಲ್ಲ. ಮಗಳು ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದರು. ಆ ಕಡೆ ಗುರು ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ ಫೋನ್ ಇಟ್ಟನಂತೆ.

ಅದನ್ನು ಕೇಳಿ ವಿಭಾಳಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ವಾರವಿಡೀ ಎಷ್ಟೋ ಹೇಸಿಗೆಗಳು ಕಣ್ಣಿಗೆ ಬಿದ್ದವು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ನವೆಂಬರಿನ ಮಳೆ ಹಿಡಿಯಿತು. ಮದರಾಸಿನ ಮಳೆಗಾಲದಲ್ಲಿ ಮೇಲಿನಿಂದ ಬೀಳುವ ನೀರಿಗಿಂತ ಕೆಳಗಿನಿಂದ ಉಕ್ಕುವ ನೀರೇ ಹೆಚ್ಚು. ಭಾನುವಾರ ಮಳೆ ಸ್ವಲ್ಪ ಬಿಟ್ಟಾಗ ವಿಭಾಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಒಬ್ಬಳೇ ಸೈಕಲ್ ತೆಗೆದಳು.

ಮನೆಯ ಹಿಂದಿನ ಬೀದಿಯಲ್ಲಿ ಚರಂಡಿ ಉಕ್ಕಿ ರಸ್ತೆಯೇ ಕಾಣುತ್ತಿರಲಿಲ್ಲ. ಕಪ್ಪು ನೀರು. ಮೇಲೆ ಎಣ್ಣೆಯ ಪದರ. ಅಂಚಿನಲ್ಲೇ ಹೋಗಿಬಿಡೋಣ ಅಂದುಕೊಂಡಳು. ಮುಂದಿನ ಚಕ್ರ ಗುಂಡಿಗೆ ಇಳಿಯಿತು.

ಮುಖ ಅಡಿಯಾಗಿ ಬಿದ್ದಳು. ಆ ನೀರು ಕೂದಲಿಗೆ, ಕಿವಿಗೆ, ಬಾಯಿಗೂ ಹೋಯಿತು. ಎದ್ದು ಕೂತಾಗ ಭುಜದ ಮೇಲೆ ಏನೋ ಮೆತ್ತಗೆ ಅಂಟಿಕೊಂಡಿತ್ತು. ಏನೆಂದು ನೋಡುವ ಧೈರ್ಯ ಅವಳಿಗಿರಲಿಲ್ಲ.

ಹೂ ಮಾರುವಾಕೆ ಅಯ್ಯೋ ಪಾವಂ ಅಂತ ಮರುಗುತ್ತಲೇ ತನ್ನ ಬುಟ್ಟಿಯನ್ನು ದೂರ ಎಳೆದುಕೊಂಡಳು. ಆಟೋದವನು ಹತ್ತಿರ ಬಂದು, ಮೂಗು ಮುಚ್ಚಿ, ಸೀಟು ಹಾಳಾಗುತ್ತದೆಂದು ತಮಿಳಿನಲ್ಲಿ ಗೊಣಗಿ ಹೊರಟುಹೋದ. ಮೊಣಕಾಲು ತರಚಿ ರಕ್ತ ಬರುತ್ತಿತ್ತು. ವಿಭಾ ಅಲ್ಲೇ ಕೂತು ಅತ್ತಳು. ಇಷ್ಟು ವರ್ಷ ಜನ ತನ್ನಲ್ಲಿ ಕಂಡದ್ದು ಇದನ್ನೇ ಅನ್ನಿಸಿತು.

ಆಗ ಬೀದಿಯ ತುದಿಯಲ್ಲಿ ಒಂದು ಸೈಕಲ್ ನಿಂತಿತು.

ಗುರು ಅವಳ ಮನೆಗೇ ಹೊರಟಿದ್ದ. ಬೇಡ ಎಂಬ ಮಾತನ್ನು ಒಂದು ಸಲ ಅವಳ ಬಾಯಿಂದಲೇ ಕೇಳಿ ಹೋಗಬೇಕೆಂದು.

“ಹತ್ರ ಬರಬೇಡಿ,” ಅಂದಳು ವಿಭಾ.

ಅವನು ಬಂದ. ಎರಡು ಹೆಜ್ಜೆ ದೂರದಲ್ಲಿ ನಿಂತ. ಅವನ ಮುಖ ಬಿಳುಪೇರಿತು. ತಟ್ಟನೆ ತಿರುಗಿ, ಕಾಂಪೌಂಡ್ ಗೋಡೆಗೆ ಕೈಯಾನಿಸಿ ವಾಂತಿ ಮಾಡಿದ.

ವಿಭಾ ಕಣ್ಣು ಮುಚ್ಚಿಕೊಂಡಳು. 'ಮುಗಿಯಿತು. ಇನ್ನು ಇವರೂ ಹೋಗುತ್ತಾರೆ.'

ಕಣ್ಣು ತೆರೆದಾಗ ಅವನು ಬಾಯಿ ಒರೆಸಿಕೊಂಡು ವಾಪಸು ಬಂದಿದ್ದ. ಕಪ್ಪು ನೀರಿಗೆ ಕಾಲಿಟ್ಟು, ಬಗ್ಗಿ, ಅವಳ ಎರಡೂ ಕೈ ಹಿಡಿದು ಎಬ್ಬಿಸಿದ. ಭುಜದ ಮೇಲಿದ್ದುದನ್ನು ಬೆರಳಿನಿಂದ ಎತ್ತಿ ಬಿಸಾಕಿದ. ಮತ್ತೊಮ್ಮೆ ಅವನ ಗಂಟಲು ಉಬ್ಬಿತು. ತಡೆದುಕೊಂಡ.

“ಅಸಹ್ಯ ಆಗ್ತಿದೆ ಅಲ್ವಾ?” ಅವಳು ಕೇಳಿದಳು.

“ಆಗ್ತದ್ರೀ. ಭಾಳ ಆಗ್ತದ,” ಅಂದ ಅವನು. “ನಡೀರಿ, ಮನಿ ಮುಟ್ಟಿಸ್ತೀನಿ. ಗಾಯಕ್ಕ ಈ ನೀರು ಬಿದ್ದದ, ಡಾಕ್ಟರ ಹತ್ರ ಹೋಗಬೇಕು.”

ಎರಡೂ ಸೈಕಲ್ಲುಗಳನ್ನು ಅವನೇ ತಳ್ಳಿದ, ಒಂದೊಂದು ಕೈಯಲ್ಲಿ ಒಂದೊಂದು. ವಿಭಾ ಕುಂಟುತ್ತಾ ಪಕ್ಕದಲ್ಲಿ ನಡೆದಳು. ಜನ ದಾರಿ ಬಿಟ್ಟು ಸರಿಯುತ್ತಿದ್ದರು. ಅವರ ಸವಾರಿಗಳಲ್ಲಿ ಇದೇ ಅತ್ಯಂತ ನಿಧಾನದ್ದು.

ಅವಳಿಗೆ ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಅಂಗೈ ಬೆವರುವುದನ್ನು ಹೇಳಿದಳು. ಉಪೇಂದ್ರನ ವಿಷಯ ಹೇಳಿದಳು. ಕೊನೆಗೆ, ತಲೆ ತಗ್ಗಿಸಿ, ಅವನು ಕೈ ಒರೆಸಿಕೊಂಡ ದಿನದ ಕಥೆ ಹೇಳಿದಳು.

ಗುರು ನಿಂತುಬಿಟ್ಟ.

“ಚೈನಿನ ಎಣ್ಣಿ ಒರೆಸ್ಕೊಂಡೆ ಅಂತ ಹೇಳಬಹುದಿತ್ತು ನಾನು. ನೀವು ನಂಬ್ತಿದ್ರಿ. ಆದ್ರ ಅದು ಸುಳ್ಳಾಗ್ತದ. ನಿಮ್ಮ ಕೈ ತೊಯ್ದಿತ್ತು. ನನ್ನ ಕೈಗೆ ನೀರು ಹತ್ತಿತು, ಒರೆಸ್ಕೊಂಡೆ. ನಲ್ಲಿ ನೀರಾದ್ರೂ ಒರೆಸ್ಕೋತಿದ್ದೆ. ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಇನ್ನೊಮ್ಮೆ ಹೆಂಗ ಹಿಡೀಲಿ ಅಂತ ಯೋಚನಿ ಮಾಡ್ತಾ ನಿಂತಿದ್ದೆ. ಅಷ್ಟರಾಗ ನೀವು ಹೋದ್ರಿ.”

ವಿಭಾ ಅವನನ್ನೇ ನೋಡಿದಳು. ಅವಳ ಕೈ ಒದ್ದೆಯೇ ಅಲ್ಲವೆಂದು ಸುಳ್ಳು ಹೇಳಿದವರಿದ್ದರು, ಒದ್ದೆಯೆಂದು ಓಡಿಹೋದವರಿದ್ದರು. ಒದ್ದೆಯಾಗಿದೆ, ಇರಲಿ ಅಂದವನು ಇವನೊಬ್ಬನೇ.

“ಅಪ್ಪ ನಿಮಗೆ ಹೇಳಿದ್ದು... ಅದು ನಾನು ಹೇಳಿದ್ದೇ,” ಅಂದಳು. “ಕಾಪಿ ಸದ್ದು ನಿಜವಾಗ್ಲೂ ಸಹಿಸೋಕಾಗಲ್ಲ. ಉಳಿದದ್ದೆಲ್ಲ ಭಯಕ್ಕೆ ಹೇಳಿದ್ದು. ನೀವು ಬೇಡ ಅನ್ನೋ ಮುಂಚೆ ನಾನೇ ಅಂದುಬಿಡೋಣ ಅಂತ.”

“ಭಾಳ ನೋವಾಯ್ತು,” ಅಂದ ಅವನು. ಸೈಕಲ್ಲುಗಳನ್ನು ಒಂದು ಗುಂಡಿ ತಪ್ಪಿಸಿ ದಾಟಿಸಿದ. “ಮನ್ಯಾಗ ಬ್ಯಾರೆ ಹುಡುಗಿ ನೋಡೋಣ ಅಂದ್ರು. ಆಗೂದಿಲ್ಲ ಅಂದೆ. ನಂಗ ನೀವೇ ಬೇಕು, ವಿಭಾ.”

ಅವಳನ್ನು ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಹಣೆಯಿಂದ ಕೊಳಚೆ ನೀರು ಇಳಿಯುತ್ತಿರುವಾಗ, ಮೈಯೆಲ್ಲ ನಾರುತ್ತಿರುವಾಗ, ಯಾವ ಹುಡುಗಿಗೆ ಯಾರು ಹೀಗೆ ಹೇಳಿದ್ದಾರೆ? ವಿಭಾ ಅಳುತ್ತಲೇ ನಕ್ಕಳು.

ಗೇಟಿನ ಹತ್ತಿರ ಸೀತಮ್ಮ ಮಗಳ ಅವಸ್ಥೆ ನೋಡಿ ಎದೆ ಹಿಡಿದುಕೊಂಡರು. ಆಮೇಲೆ ನಾತ ಮೂಗಿಗೆ ಬಡಿದು, ಇಬ್ಬರೂ ಅಲ್ಲೇ ನಿಲ್ಲಿ ಅಂತ ಸೆರಗಿನೊಳಗಿಂದ ಕೂಗಿದರು. ಮುರಳೀಧರ ತೋಟದ ಪೈಪು ಹಿಡಿದು ಓಡಿಬಂದು, ಒಂದೂ ಪ್ರಶ್ನೆ ಕೇಳದೆ ಮಗಳ ಮೇಲೂ, ತಾವೇ ಬೇಡವೆಂದ ಅಳಿಯನ ಮೇಲೂ ನೀರು ಬಿಟ್ಟರು. ಹೆಂಡತಿ ಸೋಪು, ಡೆಟಾಲು ತರಲು ಕೂಗಿದಾಗ ಪೈಪನ್ನು ಗುರುವಿನ ಕೈಗೆ ಕೊಟ್ಟು ಒಳಗೆ ಹೋದರು.

ಗುರು ಬಗ್ಗಿ ಅವಳ ಮೊಣಕಾಲಿನ ಗಾಯದ ಮೇಲೆ ಮೆಲ್ಲಗೆ ನೀರು ಹಾಯಿಸಿದ.

“ಯೋಚನೆ ಮಾಡಿ ಹೇಳಿ,” ಅಂದಳು ವಿಭಾ ಸಣ್ಣ ದನಿಯಲ್ಲಿ. “ನನ್ನ ಕೈ ಯಾವತ್ತೂ ಹೀಗೇ ಇರುತ್ತೆ. ವಾಸಿಯಾಗಲ್ಲ.”

“ಇರ್ಲಿ. ನಂಗೂ ವಯಸ್ಸಾಗ್ತದ. ಹಲ್ಲು ಬೀಳ್ತಾವ, ಜಡ್ಡು ಬರ್ತದ, ಹಾಸಿಗಿ ಹಿಡೀಬಹುದು. ಆಗ ನೀವು ನನ್ನ ಹತ್ರ ಇರ್ತೀರೇನು?”

ಅವಳು ಅವನ ತೊಯ್ದ ತಲೆಯ ಮೇಲೆ ತನ್ನ ಅಂಗೈ ಇಟ್ಟಳು.

“ಇರ್ತೀನಿ,” ಅಂದಳು. “ಮುಖ ಸಿಂಡರಿಸೋದು ಮಾತ್ರ ಬಿಡಲ್ಲ.”